ಗುಜರಿಗೆ ಹಾಕುವ ಮುನ್ನ ಬಿಟ್ ಲೆಕ್ಕ ಹಾಕಿ

2025ರಲ್ಲಿ ಎರಡೇ ತಿಂಗಳ ಅಂತರದಲ್ಲಿ ಹಳೆಯ ಕಂಪ್ಯೂಟರುಗಳ ಮೇಲೆ ಎರಡು ತೀರ್ಪುಗಳು ಬಂದವು. ಆಗಸ್ಟ್ 9ರಂದು ಬಿಡುಗಡೆಯಾದ ಡೆಬಿಯನ್ ಲಿನಕ್ಸ್‌ನ 13ನೇ ಆವೃತ್ತಿ 32-ಬಿಟ್ ಪಿಸಿಗಳಿಗೆ ಇನ್‌ಸ್ಟಾಲರನ್ನೂ ಕೊಡಲಿಲ್ಲ, ವ್ಯವಸ್ಥೆಯ ತಿರುಳಾದ ಕರ್ನೆಲ್ಲನ್ನೂ ಕೊಡಲಿಲ್ಲ. ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ರ ಮಾಮೂಲಿ ಬೆಂಬಲವನ್ನು ನಿಲ್ಲಿಸಿತು. ಅದರ ಉತ್ತರಾಧಿಕಾರಿಯಾದ ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೇ ಇಲ್ಲ. ಸಾಲದ್ದಕ್ಕೆ 2017ಕ್ಕೆ ಮುಂಚಿನ ಬಹುಪಾಲು 64-ಬಿಟ್ ಯಂತ್ರಗಳಿಗೂ ಅಲ್ಲಿ ಪ್ರವೇಶವಿಲ್ಲ. ಜನಸಾಮಾನ್ಯರ ಕಿವಿಗೆ ಎರಡೂ ಒಂದೇ ಸುದ್ದಿಯಾಗಿ ಬಿದ್ದವು: ಹಳೆಯದನ್ನು ಬಿಸಾಡಿ, ಹೊಸದನ್ನು ಕೊಳ್ಳಿ. ಆದರೆ ಇವೆರಡೂ ಬೇರೆ ಬೇರೆ ಜಾತಿಯ ತೀರ್ಪುಗಳು. ಮೊದಲನೆಯದು ಯಂತ್ರದೊಳಗಿನ ತಂತ್ರಾಂಶವನ್ನು ಬದಲಿಸಿ ಎನ್ನುತ್ತದೆ. ಎರಡನೆಯದು ಯಂತ್ರವನ್ನೇ ಬದಲಿಸಿ ಎನ್ನುತ್ತದೆ. ಮೊದಲನೆಯದಕ್ಕೆ ಗಣಿತದ ಆಧಾರವಿದೆ, ಅದನ್ನು ಒಪ್ಪಿ ನಡೆಯುವುದೇ ಸರಿ. ಎರಡನೆಯದಕ್ಕೆ ಇರುವುದು ಕಂಪನಿಯೊಂದರ ನಿರ್ಧಾರದ ಆಧಾರ, ಅದನ್ನು ಪ್ರಶ್ನಿಸದೆ ಒಪ್ಪಬೇಕಾಗಿಲ್ಲ. ಈ ವ್ಯತ್ಯಾಸ ತಿಳಿಯದೆ ಹೋದರೆ, ಇನ್ನೂ ಹಲವು ವರ್ಷ ದುಡಿಯಬಲ್ಲ ಯಂತ್ರಗಳು ಶಾಲೆ, ಕಚೇರಿ, ಮನೆಗಳಿಂದ ನೇರವಾಗಿ ಗುಜರಿ ಸೇರುತ್ತವೆ.

ಮೊದಲು ಗಣಿತವನ್ನೇ ನೋಡೋಣ. ಆರು ಅಂಕಿಯ ಪಿನ್‌ಕೋಡ್ ಇಟ್ಟುಕೊಂಡು ಹತ್ತು ಲಕ್ಷಕ್ಕಿಂತ ಹೆಚ್ಚು ಊರುಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಆಗದು, ಅಂಕಿಗಳೇ ಮುಗಿದುಹೋಗುತ್ತವೆ. ಕಂಪ್ಯೂಟರಿನ ಮೆಮೊರಿಯ ಪ್ರತಿಯೊಂದು ಬೈಟ್‌ಗೂ ಹೀಗೇ ಒಂದು ವಿಳಾಸ ಬೇಕು. 32 ಬಿಟ್‌ಗಳಲ್ಲಿ ಬರೆಯಬಹುದಾದ ವಿಳಾಸಗಳು 4,294,967,296, ಅಂದರೆ 4 ಜಿಬಿ. ಇದರಲ್ಲೂ ಒಂದು ಪಾಲು ಗ್ರಾಫಿಕ್ಸ್ ಮುಂತಾದ ಬಿಡಿಭಾಗಗಳಿಗೆ ಹೋಗುವುದರಿಂದ, 4 ಜಿಬಿ ರ‍್ಯಾಮ್ ಹಾಕಿದ ಯಂತ್ರದಲ್ಲಿ 32-ಬಿಟ್ ವಿಂಡೋಸ್‌ಗೆ ದಕ್ಕುತ್ತಿದ್ದದ್ದು ಮೂರು, ಮೂರೂವರೆ ಜಿಬಿ ಮಾತ್ರ. ಸುತ್ತುದಾರಿಗಳಿದ್ದವು ನಿಜ, ಆದರೆ ಅವುಗಳಿಂದ ಒಟ್ಟು ಮೆಮೊರಿ ಹಿಗ್ಗಿತೇ ಹೊರತು ಒಂದೊಂದು ಪ್ರೋಗ್ರಾಂಗೆ ಇದ್ದ ಎಲ್ಲೆ ಕದಲಲಿಲ್ಲ. ಹತ್ತಾರು ಟ್ಯಾಬ್ ತೆರೆದ ಇವತ್ತಿನ ಬ್ರೌಸರ್‌ಗೆ ಆ ಎಲ್ಲೆ ಇಕ್ಕಟ್ಟಿನ ಕೋಣೆ. ಕಾಲದ ಲೆಕ್ಕದಲ್ಲೂ ಇಂಥದೇ ಒಂದು ಗೋಡೆಯಿದೆ. ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿವೆ. ಆ ಎಣಿಕೆಯನ್ನು 32 ಬಿಟ್‌ಗಳ ಪೆಟ್ಟಿಗೆಯಲ್ಲಿ ಇಟ್ಟರೆ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಪೆಟ್ಟಿಗೆ ತುಂಬುತ್ತದೆ. ಮರು ಸೆಕೆಂಡಿಗೆ ದಿನಾಂಕ 1901ಕ್ಕೆ ಹಾರುತ್ತದೆ. ಇದನ್ನು ಯಾವ ಕಂಪನಿಯೂ ಲಾಭಕ್ಕಾಗಿ ಹುಟ್ಟುಹಾಕಿಲ್ಲ. ಅಂಕಿಗಳಿಗೆ ಮುಲಾಜಿಲ್ಲ.

ಹಾಗಾದರೆ 32-ಬಿಟ್ ವ್ಯವಸ್ಥೆ ನಡೆಸುತ್ತಿರುವ ಯಂತ್ರಗಳೆಲ್ಲ ಮುಗಿದ ಕಥೆಯೇ? ಇಲ್ಲ ಎನ್ನಲು ಇಪ್ಪತ್ತು ವರ್ಷದ ಹಿಂದಿನ ಒಂದು ಪೈಪೋಟಿ ಕಾರಣ. 64 ಬಿಟ್‌ಗಳಿಗೆ ಏರಲು ಇಂಟೆಲ್ 2001ರಲ್ಲಿ ಇಟೇನಿಯಂ ಎಂಬ ಹೊಚ್ಚಹೊಸ ವಿನ್ಯಾಸವನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಹಳೆಯ ಪ್ರೋಗ್ರಾಂಗಳು ಕುಂಟುತ್ತ ನಡೆದವು. ಪ್ರತಿಸ್ಪರ್ಧಿ ಎಎಂಡಿ, 2003ರಲ್ಲಿ ತನ್ನ ಆಪ್ಟೆರಾನ್ ಮತ್ತು ಅಥ್ಲಾನ್ 64 ಚಿಪ್‌ಗಳಲ್ಲಿ ಹಳೆಯ ವಿನ್ಯಾಸವನ್ನೇ ಹಿಗ್ಗಿಸಿತು. ವಿಳಾಸಗಳು 64 ಬಿಟ್ ಆದವು, ಲೆಕ್ಕದ ನಡುವೆ ಚಿಪ್ ಅಂಕಿಗಳನ್ನು ಇಟ್ಟುಕೊಳ್ಳುವ ರಿಜಿಸ್ಟರುಗಳು ಎಂಟರಿಂದ ಹದಿನಾರಾದವು. ಆದರೂ ಹಳೆಯ 32-ಬಿಟ್ ಪ್ರೋಗ್ರಾಂಗಳು ಪೂರ್ಣ ವೇಗದಲ್ಲೇ ಓಡಿದವು. ಮಾರುಕಟ್ಟೆ ಎಎಂಡಿ ಕಡೆ ವಾಲಿತು, ಮರುವರ್ಷವೇ ಇಂಟೆಲ್ ಕೂಡ ಆ ದಾರಿ ಹಿಡಿಯಿತು. ಇಟೇನಿಯಂ ಮಾತ್ರ ಸರ್ವರ್ ಕೋಣೆಗಳ ಮೂಲೆಯಲ್ಲಿ ಉಳಿದು 2021ರಲ್ಲಿ ಕೊನೆಯುಸಿರೆಳೆಯಿತು. ಇದರ ಪರಿಣಾಮ ನಮ್ಮ ಮೇಜುಗಳ ಮೇಲೇ ಇದೆ. 2006ರ ಜುಲೈನಲ್ಲಿ ಕೋರ್ 2 ಡ್ಯುಓ ಬಂದ ಮೇಲೆ ಮಾರಾಟವಾದ ಪಿಸಿಗಳಲ್ಲಿ ಬಹುಪಾಲು 64 ಬಿಟ್ ಬಲ್ಲವು. ಆದರೆ ಆಗ ರ‍್ಯಾಮ್ ಒಂದೆರಡು ಜಿಬಿ ಇರುತ್ತಿತ್ತು, ಪ್ರಿಂಟರ್ ಸ್ಕ್ಯಾನರ್‌ಗಳಿಗೆ 64-ಬಿಟ್ ಡ್ರೈವರ್ ಸಿಗುತ್ತಿರಲಿಲ್ಲ. ಹಾಗಾಗಿ ಅಂಗಡಿಗಳಲ್ಲಿ 32-ಬಿಟ್ ಎಕ್ಸ್‌ಪಿಯನ್ನೋ ವಿಂಡೋಸ್ 7 ಅನ್ನೋ ತುಂಬಿ ಕೊಡುವುದೇ ರೂಢಿಯಾಯಿತು. ಆಮೇಲೆ ವಿಂಡೋಸ್ 10ಕ್ಕೆ ಏರಿದ ಆ ಪರಂಪರೆಯ ಯಂತ್ರಗಳಲ್ಲಿ ಸೆಟ್ಟಿಂಗ್ಸ್ ತೆರೆದು ನೋಡಿದರೆ ಸಿಸ್ಟಂ ಮಾಹಿತಿಯಲ್ಲಿ ಒಂದು ಸಾಲು ಕಾಣುತ್ತದೆ: 32-ಬಿಟ್ ಆಪರೇಟಿಂಗ್ ಸಿಸ್ಟಂ, ಎಕ್ಸ್64 ಆಧಾರಿತ ಪ್ರೊಸೆಸರ್. ಹಳತು ಯಾವುದು, ಹಳತಾಗದೆ ಉಳಿದದ್ದು ಯಾವುದು ಎಂಬುದನ್ನು ಯಂತ್ರವೇ ಆ ಒಂದು ಸಾಲಿನಲ್ಲಿ ಹೇಳುತ್ತಿದೆ. ನಿಜಕ್ಕೂ 32 ಬಿಟ್‌ಗೇ ಸೀಮಿತವಾದವು ಆರಂಭದ ಪೆಂಟಿಯಂ 4, 2006ರ ಮೊದಲರ್ಧದ ಕೋರ್ ಡ್ಯುಓ, 2008ರ ಸುಮಾರಿಗೆ ಜನಪ್ರಿಯವಾದ ಆಟಂ ಎನ್270 ಚಿಪ್‌ನ ಪುಟ್ಟ ನೆಟ್‌ಬುಕ್‌ಗಳು, ಇಂಥವಷ್ಟೇ.

ಮೊದಲ ಆಕ್ಷೇಪ ಸಹಜವಾದದ್ದೇ: ನಡೆಯುತ್ತಿರುವ ಯಂತ್ರವನ್ನು ಕೆದಕುವುದೇಕೆ? ಅದು ನಡೆಯುತ್ತಿರುವಂತೆ ಕಾಣುತ್ತಿದೆ, ಆದರೆ ಕಾವಲು ಸಡಿಲಗೊಂಡಿದೆ. 2018ರ ಜನವರಿಯಲ್ಲಿ ಪ್ರೊಸೆಸರುಗಳಲ್ಲಿನ ಮೆಲ್ಟ್‌ಡೌನ್ ಎಂಬ ದೋಷ ಬಯಲಾದಾಗ ಲಿನಕ್ಸ್‌ನ 64-ಬಿಟ್ ಬಳಕೆದಾರರಿಗೆ ಅದೇ ತಿಂಗಳು ರಕ್ಷಣೆ ಸಿಕ್ಕಿತು. 32-ಬಿಟ್‌ನವರು ಅದಕ್ಕಾಗಿ ಅದೇ ವರ್ಷದ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಯಾರದೂ ದುರುದ್ದೇಶವಿರಲಿಲ್ಲ, ಆ ಹಾದಿಯಲ್ಲಿ ಕೆಲಸ ಮಾಡುವ ಕೈಗಳೇ ಕಡಿಮೆಯಾಗಿದ್ದವು. ಲಿನಕ್ಸ್‌ನ 32-ಬಿಟ್ ಯಂತ್ರಗಳಿಗೆ ಕ್ರೋಮ್ ಬ್ರೌಸರ್ 2016ರಲ್ಲೇ ವಿದಾಯ ಹೇಳಿತ್ತು, ಫೈರ್‌ಫಾಕ್ಸ್ 2025ರಲ್ಲಿ ತನ್ನ ಮುಖ್ಯ ಆವೃತ್ತಿಯನ್ನು ನಿಲ್ಲಿಸಿತು. ಬ್ಯಾಂಕು, ಭೂಮಿ ದಾಖಲೆ, ಪರೀಕ್ಷಾ ಫಲಿತಾಂಶ ಎಲ್ಲವೂ ಬ್ರೌಸರಿನ ಕಿಟಕಿಯಲ್ಲೇ ನಡೆಯುವ ಕಾಲದಲ್ಲಿ ಬ್ರೌಸರ್ ಇಲ್ಲದ ಕಂಪ್ಯೂಟರ್ ಬೀಗ ಕಿತ್ತುಹೋದ ಬಾಗಿಲಿದ್ದಂತೆ. ಅಲ್ಲದೆ, ಪ್ರೋಗ್ರಾಂಗಳನ್ನು ಮೆಮೊರಿಯಲ್ಲಿ ಊಹೆಗೆ ನಿಲುಕದ ಜಾಗಗಳಲ್ಲಿ ಚದುರಿಸಿಟ್ಟು ದಾಳಿಕೋರರ ದಾರಿ ತಪ್ಪಿಸುವ ತಂತ್ರವೊಂದಿದೆ. ವಿಶಾಲ ಬಯಲಿನಲ್ಲಿ ಅಡಗುವುದು ಸುಲಭ, ಪುಟ್ಟ ಕೋಣೆಯಲ್ಲಿ ಕಷ್ಟ. 64 ಬಿಟ್ ಆ ಬಯಲನ್ನು ಕೊಡುತ್ತದೆ. ಸ್ವಯಂಸೇವಕರೇ ಕಟ್ಟುವ ಡೆಬಿಯನ್‌ನಂಥ ಯೋಜನೆಯನ್ನು, ಪರೀಕ್ಷಿಸಿ ನೋಡಲು ಯಂತ್ರವೂ ಜನರೂ ಉಳಿಯದ ಹಾದಿಯೊಂದನ್ನು ಸದಾಕಾಲ ಕಾಯ್ದುಕೊಂಡಿರಿ ಎಂದು ಒತ್ತಾಯಿಸುವುದು ನ್ಯಾಯವೂ ಅಲ್ಲ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. 64-ಬಿಟ್ ವ್ಯವಸ್ಥೆಯಲ್ಲಿ ಪ್ರತಿ ವಿಳಾಸವೂ ನಾಲ್ಕರ ಬದಲು ಎಂಟು ಬೈಟ್ ತಿನ್ನುತ್ತದೆ. ಅದೇ ಕೆಲಸಕ್ಕೆ ಹೆಚ್ಚು ಮೆಮೊರಿ ಬೇಕು. 1 ಜಿಬಿ ರ‍್ಯಾಮಿನ ಯಂತ್ರವನ್ನು 64 ಬಿಟ್‌ಗೆ ಸಾಗಿಸಿದರೆ ಅದು ಮೊದಲಿಗಿಂತ ನಿಧಾನವಾಗಬಹುದು ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ ಇದು ಯಂತ್ರವನ್ನು ಎಸೆಯಲು ಕಾರಣವಾಗದು, ರ‍್ಯಾಮ್ ಸೇರಿಸಲು ಕಾರಣ. ಕೋರ್ 2 ಕಾಲದ ಬಹುಪಾಲು ಮದರ್‌ಬೋರ್ಡ್‌ಗಳು 4 ಜಿಬಿ ಹೊರಬಲ್ಲವು, ಅನಂತರದವು ಇನ್ನೂ ಹೆಚ್ಚು. ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಅಗ್ಗದ ಎಸ್‌ಎಸ್‌ಡಿ ಕೂರಿಸಿದರೆ ಹತ್ತು ವರ್ಷದ ಯಂತ್ರಕ್ಕೂ ಕಾಲಿನಲ್ಲಿ ಬಲ ಬರುತ್ತದೆ. ಎರಡನ್ನೂ ಸೇರಿಸಿದ ಖರ್ಚು ಹೊಸ ಕಂಪ್ಯೂಟರಿನ ಬೆಲೆಯ ಒಂದು ಸಣ್ಣ ಪಾಲು. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿಯಂಥ ಹಗುರ ಡೆಸ್ಕ್‌ಟಾಪ್‌ಗಳ ಲಿನಕ್ಸ್ ಇಂಥ ಯಂತ್ರಗಳ ಮೇಲೆ ಗುಮಾಸ್ತರ ಕೆಲಸಕ್ಕೂ ಮಕ್ಕಳ ಪಾಠಕ್ಕೂ ಸಾಕಾಗುವಷ್ಟು ಚುರುಕಾಗಿ ನಡೆಯುತ್ತದೆ.

ಸಾಗಿಸುವ ಕೆಲಸವೂ ಜನ ಹೆದರುವಷ್ಟು ನಿಗೂಢವಲ್ಲ, ಆದರೆ ಒಂದು ಮಾತು ಸ್ಪಷ್ಟವಿರಬೇಕು. ವಿಂಡೋಸ್‌ನಲ್ಲಿ 32ರಿಂದ 64ಕ್ಕೆ ನೇರ ಬಡ್ತಿ ಇಲ್ಲ. ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಟ್ಟು, ಹೊಸದಾಗಿ ಸ್ಥಾಪಿಸಿ, ಮತ್ತೆ ತುಂಬಿಕೊಳ್ಳಬೇಕು. ಡೆಬಿಯನ್‌ನಲ್ಲಿ 2013ರ ಏಳನೇ ಆವೃತ್ತಿಯಿಂದ ಒಂದೇ ಯಂತ್ರದಲ್ಲಿ ಎರಡೂ ವಿನ್ಯಾಸಗಳ ಪ್ಯಾಕೇಜುಗಳನ್ನು ಇಟ್ಟುಕೊಳ್ಳುವ ಏರ್ಪಾಡಿದೆ. ಅದನ್ನು ಹಿಡಿದು, ಮೊದಲು 64-ಬಿಟ್ ಕರ್ನೆಲ್, ಬಳಿಕ ಪ್ಯಾಕೇಜ್ ನಿರ್ವಾಹಕ, ಆಮೇಲೆ ಉಳಿದವು ಎಂಬಂತೆ ಮನೆಯೊಳಗೆ ವಾಸವಿದ್ದುಕೊಂಡೇ ಕಂಬಗಳನ್ನು ಬದಲಿಸಿದವರಿದ್ದಾರೆ. ಅದು ಪಳಗಿದ ಕೈಗಳ ಕೆಲಸ. ನಡುವೆ ಒಂದು ಹೆಜ್ಜೆ ತಪ್ಪಿದರೂ ಯಂತ್ರ ಏಳುವುದಿಲ್ಲ. ಮನೆ, ಶಾಲೆಗಳಿಗೆ ಬ್ಯಾಕಪ್ ಮತ್ತು ಹೊಸ ಸ್ಥಾಪನೆಯ ನೇರ ದಾರಿಯೇ ಲೇಸು. ಅದಕ್ಕೆ ಬೇಕಾದದ್ದು ಒಂದು ಪೆನ್‌ಡ್ರೈವ್, ಒಂದು ಮಧ್ಯಾಹ್ನ, ಮತ್ತು ಬ್ಯಾಕಪ್ ನಿಜವಾಗಿಯೂ ತೆರೆಯುತ್ತದೆಯೇ ಎಂದು ಮುಂಚೆಯೇ ನೋಡುವ ತಾಳ್ಮೆ.

ನಿಜವಾದ ತೊಡಕು ಇರುವುದು ಯಂತ್ರವನ್ನು ನೆಚ್ಚಿಕೊಂಡ ಸಂಸಾರದಲ್ಲಿ. 64-ಬಿಟ್ ವಿಂಡೋಸ್‌ಗೆ 64-ಬಿಟ್ ಡ್ರೈವರುಗಳೇ ಆಗಬೇಕು. ತಯಾರಕರು ಕೈಬಿಟ್ಟ ಸ್ಕ್ಯಾನರು, ತಂತ್ರಾಂಶದ ಪರವಾನಗಿ ಕಾಯುವ ಹಾರ್ಡ್‌ವೇರ್ ಲಾಕುಗಳು ಅಲ್ಲಿ ಮೂಕವಾಗುತ್ತವೆ. ವಿಂಡೋಸ್ 3.1 ಮತ್ತು ಡಾಸ್ ಕಾಲದ 16-ಬಿಟ್ ಪ್ರೋಗ್ರಾಂಗಳು ಅದರಲ್ಲಿ ತೆರೆಯುವುದೇ ಇಲ್ಲ. ಕನ್ನಡದ ಡಿಟಿಪಿ ಲೋಕಕ್ಕೆ ಈ ನೋವು ಚೆನ್ನಾಗಿ ಗೊತ್ತು. ಈ ಶತಮಾನದ ಆರಂಭದಲ್ಲೇ ಬೆಳವಣಿಗೆ ನಿಂತ ಪೇಜ್‌ಮೇಕರ್, ಅದರೊಡನೆ ಯುನಿಕೋಡ್‌ಗೆ ಮೊದಲಿನ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ ಟೈಪಾದ ಪುಸ್ತಕಗಳು, ಮದುವೆ ಕರೆಯೋಲೆಗಳು, ಅರ್ಜಿ ನಮೂನೆಗಳು ಎಷ್ಟೋ ಮುದ್ರಣಾಲಯಗಳಲ್ಲಿ ಒಂದೇ ಹಳೆಯ ಯಂತ್ರವನ್ನು ನೆಚ್ಚಿ ಕೂತಿವೆ. ಇಂಥ ಕಡೆ ಅವಸರದ ಸ್ಥಳಾಂತರ ಅಪಾಯಕರ. ಆದರೆ ಉಪಾಯ, ಇದ್ದಲ್ಲೇ ಕೂರುವುದಲ್ಲ. ಹಳೆಯ ವ್ಯವಸ್ಥೆಯನ್ನು ಇಡಿಯಾಗಿ ಹೊಸದರೊಳಗೆ ವರ್ಚುವಲ್ ಯಂತ್ರವಾಗಿ ಉಳಿಸಿಕೊಳ್ಳಬಹುದು. ಹಾರ್ಡ್‌ವೇರ್ ಲಾಕ್ ಹಟ ಹಿಡಿದರೆ ಒಂದು ಯಂತ್ರವನ್ನು ಇಂಟರ್‌ನೆಟ್‌ನಿಂದ ಕಡಿದು ಆ ಕೆಲಸಕ್ಕಷ್ಟೇ ಮೀಸಲಿಡಬಹುದು. ಜೊತೆಗೆ ಹಳೆಯ ಫಾಂಟ್‌ನ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸಲು ಇದಕ್ಕಿಂತ ಒಳ್ಳೆಯ ಮುಹೂರ್ತ ಬರಲಾರದು. ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ರೂಪ ಹೊದಿಸಿದ ಆ ಕಡತಗಳು, ಆ ಫಾಂಟ್ ಇಲ್ಲದ ಯಾವ ಯಂತ್ರದಲ್ಲಿ ತೆರೆದರೂ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಯಂತ್ರ ಕೆಟ್ಟ ದಿನ ಎಚ್ಚೆತ್ತರೆ ಆಗಲೇ ತಡವಾಗಿರುತ್ತದೆ. ಹಳೆಯದಕ್ಕೆ ಜಾಗ ಬಿಡಬೇಕೆಂಬುದನ್ನು ಲಿನಕ್ಸ್ ಲೋಕವೂ ಒಪ್ಪಿದೆ. 2019ರಲ್ಲಿ ಉಬುಂಟು ಎಂಬ ಲಿನಕ್ಸ್ ಆವೃತ್ತಿ 32-ಬಿಟ್ ಲೈಬ್ರರಿಗಳನ್ನು ಪೂರ್ತಿ ಕೈಬಿಡುವುದಾಗಿ ಸಾರಿದಾಗ ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಮತ್ತು ಆಟಗಳ ವೇದಿಕೆಯಾದ ಸ್ಟೀಮ್ ಕಡೆಯಿಂದ ಎದ್ದ ವಿರೋಧಕ್ಕೆ ಮಣಿದು ಆಯ್ದ ಕೆಲವನ್ನು ಉಳಿಸಿಕೊಂಡಿತು. ಡೆಬಿಯನ್ 13 ಕೂಡ 64-ಬಿಟ್ ಯಂತ್ರದ ಮೇಲೆ ಹಳೆಯ ಪ್ರೋಗ್ರಾಂ ಓಡಿಸಲಿಕ್ಕೆಂದೇ 32-ಬಿಟ್ ಪ್ಯಾಕೇಜುಗಳನ್ನು ಇಟ್ಟಿದೆ. ಇಟೇನಿಯಂ ಕಲಿಸಿದ ಪಾಠವೂ ಇದೇ: ಹಳೆಯದನ್ನು ಹೊತ್ತು ನಡೆದ ಬದಲಾವಣೆಯೇ ನೆಲೆ ನಿಲ್ಲುತ್ತದೆ.

ಈ ಅಳತೆಗೋಲು ಹಿಡಿದು ಎರಡನೆಯ ತೀರ್ಪಿನ ಬಳಿಗೆ ಬರೋಣ. ವಿಂಡೋಸ್ 11 ಕೇಳುವುದು 64 ಬಿಟ್ ಒಂದನ್ನೇ ಆಗಿದ್ದರೆ ತಕರಾರಿಲ್ಲ. ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಇಂಟೆಲ್‌ನಲ್ಲಾದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನ ಪ್ರೊಸೆಸರನ್ನೂ ಕೇಳುತ್ತದೆ. ಇಲ್ಲಿ ಎರಡು ಬಗೆಯ ಗೆರೆಗಳು ಬೆರೆತುಹೋಗಿವೆ. 2024ರ ಆವೃತ್ತಿಗೆ ಬೇಕಾದ ಕೆಲವು ಆಜ್ಞೆಗಳು ಕೋರ್ 2 ಕಾಲದ ಚಿಪ್‌ಗಳಲ್ಲಿ ಇಲ್ಲವೇ ಇಲ್ಲ. ಅದು ಯಂತ್ರದ ಮಿತಿ, ವಾದಿಸಿ ಫಲವಿಲ್ಲ. ಆದರೆ ಏಳನೇ ಮತ್ತು ಎಂಟನೇ ತಲೆಮಾರಿನ ನಡುವೆ ಎಳೆದ ಗೆರೆ ಆ ಜಾತಿಯದಲ್ಲ. ಏಳನೇ ತಲೆಮಾರನ್ನು ಹೊರಗಿಟ್ಟ ಕಂಪನಿ, 2021ರ ಆಗಸ್ಟ್‌ನಲ್ಲಿ ಪಟ್ಟಿ ತಿದ್ದಿ ಅದೇ ತಲೆಮಾರಿನ 7820ಎಚ್‌ಕ್ಯೂ ಎಂಬ ಚಿಪ್ಪನ್ನು ಆಯ್ದ ಯಂತ್ರಗಳಲ್ಲಿ ಒಳಗೆ ಬಿಟ್ಟುಕೊಂಡಿತು. ಆ ಚಿಪ್ ಇದ್ದದ್ದು ಕಂಪನಿಯದೇ ಆದ, ದುಬಾರಿ ಬೆಲೆಯ ಸರ್ಫೇಸ್ ಸ್ಟುಡಿಯೊ 2ರಲ್ಲಿ. ಹೊಸ ಮಾದರಿಯ ಡ್ರೈವರುಗಳಿರುವ ಯಂತ್ರಗಳಿಗೆ ಮಾತ್ರ ಈ ವಿನಾಯಿತಿ ಎಂಬ ವಿವರಣೆ ಬಂತು. ಇರಬಹುದು, ಆದರೆ ಡ್ರೈವರ್ ಬರೆದರೆ ಕದಲುವ ಗೆರೆಯನ್ನು ಯಂತ್ರದ ಸ್ವಭಾವಸಿದ್ಧ ಮಿತಿ ಎಂದು ಕರೆಯಲಾಗದು.

ಕಂಪನಿಯ ಸಮರ್ಥನೆಯನ್ನು ಅದರ ಬಲವಾದ ರೂಪದಲ್ಲೇ ಎದುರಿಸಬೇಕು. ಅರ್ಹತೆಯಿಲ್ಲದ ಯಂತ್ರಗಳಲ್ಲಿ ಕರ್ನೆಲ್ ಮಟ್ಟದ ಕುಸಿತಗಳು ಶೇ 52ರಷ್ಟು ಹೆಚ್ಚು ಎಂದು ಅದು 2021ರಲ್ಲಿ ಹೇಳಿತು. ಅದೇ ಹೇಳಿಕೆಯ ಪ್ರಕಾರ ಅರ್ಹ ಯಂತ್ರಗಳಲ್ಲಿ ಶೇ 99.8ರಷ್ಟು ಅನುಭವ ಕುಸಿತರಹಿತವಾಗಿತ್ತು. ಎಂದರೆ ಮೂಲ ಸಂಖ್ಯೆಯೇ ಬಲು ಚಿಕ್ಕದು. ಚಿಕ್ಕ ಸಂಖ್ಯೆಯ ಒಂದೂವರೆ ಪಟ್ಟೂ ಚಿಕ್ಕದೇ. ಟಿಪಿಎಂ ಭದ್ರತೆಯನ್ನು ಹೆಚ್ಚಿಸುತ್ತದೆ ಎಂಬುದು ನಿಜ. ಆದರೆ ಆ ಹೆಚ್ಚುವರಿ ಭದ್ರತೆ ಇಲ್ಲವೆಂದು ಯಂತ್ರವನ್ನು ಹೊರಗಿಟ್ಟು, ಅದಕ್ಕೆ ಸಾಧಾರಣ ಭದ್ರತಾ ತೇಪೆಯನ್ನೂ ನಿಲ್ಲಿಸಿದರೆ ಕೊನೆಗೆ ಹೆಚ್ಚುವುದು ಅಭದ್ರತೆ. ವಿಂಡೋಸ್ 10ಕ್ಕೆ 2015ರಿಂದ ಹತ್ತು ವರ್ಷ ಬೆಂಬಲ ಕೊಟ್ಟದ್ದನ್ನೂ, ಬಳಿಕ ಒಂದು ವರ್ಷದ ವಿಸ್ತೃತ ಭದ್ರತೆಯ ಅವಕಾಶ ಕಲ್ಪಿಸಿದ್ದನ್ನೂ ಮೆಚ್ಚಬೇಕು. ಯಾವ ಕಂಪನಿಯೂ ಎಲ್ಲ ಯಂತ್ರಗಳನ್ನು ಅನಂತಕಾಲ ಸಾಕಲಾರದು. ಹಾಗೆಂದು ಒಂದು ಕಂಪನಿಯ ಬೆಂಬಲ ಮುಗಿದರೆ ಯಂತ್ರದ ಆಯಸ್ಸೂ ಮುಗಿಯಿತು ಎಂದು ನಾವು ಓದಿಕೊಳ್ಳಬೇಕಿಲ್ಲ. ವಿಂಡೋಸ್ 11 ತಳ್ಳಿದ ಆರನೇ, ಏಳನೇ ತಲೆಮಾರಿನ ಯಂತ್ರವನ್ನು, ಕೋರ್ 2 ಡ್ಯುಓವನ್ನು ಕೂಡ, ಡೆಬಿಯನ್ 13ರ 64-ಬಿಟ್ ಆವೃತ್ತಿ ಬರಮಾಡಿಕೊಳ್ಳುತ್ತದೆ.

ಉಳಿದದ್ದು ಖರ್ಚಿನ ಆಕ್ಷೇಪ: ಹಳೆಯ ಯಂತ್ರ ವಿದ್ಯುತ್ ಕುಡಿಯುತ್ತದೆ, ಹೊಸದು ಉಳಿಸುತ್ತದೆ. ಲೆಕ್ಕ ಹಾಕಿಯೇ ನೋಡೋಣ. ಹಳೆಯ ಡೆಸ್ಕ್‌ಟಾಪ್ 80 ವ್ಯಾಟ್, ಹೊಸದು 25 ವ್ಯಾಟ್ ಎಂದು ಇಟ್ಟುಕೊಳ್ಳಿ. ದಿನಕ್ಕೆ 4 ಗಂಟೆಯಂತೆ ವರ್ಷಕ್ಕೆ 250 ದಿನ ದುಡಿದರೆ ಮೊದಲನೆಯದಕ್ಕೆ 80 ಯೂನಿಟ್, ಎರಡನೆಯದಕ್ಕೆ 25. ವ್ಯತ್ಯಾಸ 55 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ ವರ್ಷಕ್ಕೆ 440 ರೂಪಾಯಿ. 30 ಸಾವಿರದ ಹೊಸ ಯಂತ್ರ ಈ ಉಳಿತಾಯದಿಂದ ತನ್ನ ಬೆಲೆ ತೀರಿಸಲು ಅರುವತ್ತು ವರ್ಷಕ್ಕೂ ಹೆಚ್ಚು ಬೇಕು. ಹಗಲಿರುಳು ಉರಿಯುವ ಸರ್ವರ್ ಆದರೆ ಲೆಕ್ಕ ಬದಲಾಗುತ್ತದೆ. ಹಳೆಯ ಪೆಂಟಿಯಂ 4 ಅನ್ನು ಅಂಥ ಕೆಲಸದಿಂದ ನಿವೃತ್ತಿಗೊಳಿಸುವುದೇ ಸರಿ. ಇನ್ನು ಪರಿಸರದ ಮಾತು. ಲ್ಯಾಪ್‌ಟಾಪ್ ಒಂದರ ಇಂಗಾಲದ ಹೊರೆಯಲ್ಲಿ ದೊಡ್ಡ ಪಾಲು ಅದು ಅಂಗಡಿಗೆ ಬರುವ ಮುನ್ನವೇ, ತಯಾರಿಕೆಯ ಹಂತದಲ್ಲೇ ಸಂದಾಯವಾಗಿರುತ್ತದೆ. ಜಾಗತಿಕ ಇ-ತ್ಯಾಜ್ಯ ವರದಿಯಂತೆ 2022ರಲ್ಲಿ ಜಗತ್ತು ಹೊರಹಾಕಿದ ಇ-ಕಸ 6.2 ಕೋಟಿ ಟನ್. ಕ್ರಮಬದ್ಧವಾಗಿ ಮರುಬಳಕೆಗೆ ಹೋದದ್ದು ಅದರಲ್ಲಿ ಶೇ 22.3 ಮಾತ್ರ.

ಇಷ್ಟೆಲ್ಲ ಲೆಕ್ಕವನ್ನು ಒಬ್ಬೊಬ್ಬ ಬಳಕೆದಾರನ ತಲೆಗೆ ಕಟ್ಟುವುದು ಸರಿಯಲ್ಲ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಇದು ಸಂಸ್ಥೆಗಳು ಹೊರಬೇಕಾದ ಕೆಲಸ. ನೆರೆಯ ಕೇರಳ ತನ್ನ ಸರ್ಕಾರಿ ಶಾಲೆಗಳಿಗೆಂದೇ ಲಿನಕ್ಸ್ ಆವೃತ್ತಿಯೊಂದನ್ನು ರೂಪಿಸಿ, ಶಿಕ್ಷಕರಿಗೆ ತರಬೇತಿ ಕೊಟ್ಟು, ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಕರ್ನಾಟಕದ ಶಾಲೆ, ಗ್ರಂಥಾಲಯ, ಪಂಚಾಯಿತಿಗಳಲ್ಲೂ ಅದು ಆಗದ ಕೆಲಸವೇನಲ್ಲ. ವಿಲೇವಾರಿ ಪಟ್ಟಿ ಮಾಡುವ ಮುನ್ನ ಯಂತ್ರಗಳನ್ನು ಮೂರು ಗುಂಪು ಮಾಡಲಿ: ನಿಜಕ್ಕೂ 32 ಬಿಟ್‌ಗೇ ಸೀಮಿತವಾದವು ಒಂದು ಕಡೆ, 64 ಬಿಟ್ ಬಲ್ಲವಾಗಿದ್ದೂ 32ರಲ್ಲಿ ಸಿಕ್ಕಿಬಿದ್ದವು ಇನ್ನೊಂದು ಕಡೆ, ಈಗಾಗಲೇ 64ರಲ್ಲಿದ್ದು ಕಂಪನಿಯ ಪಟ್ಟಿಯಿಂದಷ್ಟೇ ಹೊರಬಿದ್ದವು ಮತ್ತೊಂದು ಕಡೆ. ಮೊದಲ ಗುಂಪು ನೋಂದಾಯಿತ ಮರುಬಳಕೆದಾರರಿಗೆ ಹೋಗಲಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ದಾರಿ ಅದಕ್ಕೆ ಇದೆ, ದುರಸ್ತಿ ಮಾಡಿ ಮರಳಿ ಬಳಕೆಗೆ ತರುವವರಿಗೂ ಆ ನಿಯಮಗಳಲ್ಲಿ ಸ್ಥಾನವಿದೆ. ಎರಡನೆಯ, ಮೂರನೆಯ ಗುಂಪಿಗೆ ರ‍್ಯಾಮ್, ಎಸ್‌ಎಸ್‌ಡಿ, 64-ಬಿಟ್ ಲಿನಕ್ಸ್ ಸಾಕು. ಈ ವಿಂಗಡಣೆಗೆ ತಜ್ಞರ ಸಮಿತಿ ಬೇಡ, ದೊಡ್ಡ ಟೆಂಡರ್ ಬೇಡ. ಹರಾಜಿನ ಚೀಟಿ ಅಂಟಿಸುವ ಮೊದಲು ಯಾರಾದರೊಬ್ಬರು ಯಂತ್ರಕ್ಕೆ ಸ್ವಿಚ್ ಹಾಕಿ, ಪರದೆಯ ಮೇಲೆ ಪ್ರೊಸೆಸರಿನ ಬಗ್ಗೆ ಅದೇ ಬರೆದುಕೊಂಡಿರುವ ಆ ಒಂದು ಸಾಲನ್ನು ಓದಬೇಕು, ಅಷ್ಟೆ.